300 ಮೀಟರ್ ಅನ್ನುವುದು ರಬ್ಬರಿನ ಮಾತು

ನಾನು ವರ್ಷಗಳಿಂದ ಕಟ್ಟುತ್ತಿರುವುದು ಒಮೆಗಾ ಸೀಮಾಸ್ಟರ್ ಪ್ರೊಫೆಷನಲ್, ಮಾಡೆಲ್ ನಂಬರ್ 2531.80. ನೀಲಿ ಡಯಲ್, ಅದರ ಮೇಲೆ ಅಲೆಗಳ ಗೆರೆ, 41 ಮಿಲಿಮೀಟರ್ ಸ್ಟೀಲ್ ಕೇಸು. ಪಿಯರ್ಸ್ ಬ್ರಾಸ್ನನ್ ಕಾಲದ ಬಾಂಡ್ ವಾಚ್ ಅಂತಲೇ ಜನ ಇದನ್ನು ಗುರುತಿಸುತ್ತಾರೆ. ಒಳಗಿರುವುದು ಕ್ಯಾಲಿಬರ್ 1120 ಅನ್ನುವ ಆಟೊಮ್ಯಾಟಿಕ್ ಮೂವ್‌ಮೆಂಟ್, ಅಂದರೆ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಯಂತ್ರ. ಪೂರ್ತಿ ಕೀ ತುಂಬಿದ್ದರೆ 44 ಗಂಟೆ ಓಡುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಆಫೀಸು, ಬಸ್ಸು, ಮಳೆ, ಸಮುದ್ರ, ಎಲ್ಲಕ್ಕೂ ಇದೇ. ಲಾಕರ್‌ನಲ್ಲಿಟ್ಟು ಮದುವೆ ಮನೆಗೆ ಮಾತ್ರ ಹೊರತೆಗೆಯುವವರಿಗೆ ಈ ಬರಹದಿಂದ ಜಾಸ್ತಿ ಉಪಯೋಗ ಆಗಲಿಕ್ಕಿಲ್ಲ.

ಡಯಲ್ ಮೇಲೆ 300 ಮೀಟರ್ ಅಂತ ಬರೆದಿದೆ. ಅದನ್ನು ಓದಿದವರು ಈ ವಾಚಿಗೆ ನೀರಿನ ಭಯವೇ ಇಲ್ಲ ಅಂದುಕೊಳ್ಳುತ್ತಾರೆ. ಆ ಅಂಕಿ ಹೊಸ ವಾಚಿನದ್ದು. ನೀರನ್ನು ತಡೆಯುವುದು ಸ್ಟೀಲ್ ಮಾತ್ರ ಅಲ್ಲ, ಹಿಂದಿನ ಮುಚ್ಚಳ, ಕ್ರೌನ್ (ಟೈಮ್ ಹೊಂದಿಸುವ ಪಕ್ಕದ ಗುಂಡಿ), ಗ್ಲಾಸು, ಹೀಲಿಯಂ ವಾಲ್ವ್ ಇಷ್ಟರೊಳಗೂ ಕೂತಿರುವ ಸಣ್ಣ ಸಣ್ಣ ಗ್ಯಾಸ್ಕೆಟ್‌ಗಳು. ಕುಕ್ಕರ್ ಗ್ಯಾಸ್ಕೆಟ್ ಹೇಗೆ ಗಟ್ಟಿಯಾಗಿ, ಚಪ್ಪಟೆಯಾಗಿ ಆವಿ ಬಿಡಲು ಶುರು ಮಾಡುತ್ತದೋ ಇವೂ ಹಾಗೇ. ವ್ಯತ್ಯಾಸ ಇಷ್ಟೇ, ಕುಕ್ಕರ್ ಸದ್ದು ಮಾಡಿ ಹೇಳುತ್ತದೆ, ವಾಚು ಹೇಳುವುದಿಲ್ಲ.

ಹಾಗಾಗಿ ನಾನು ವರ್ಷಕ್ಕೊಮ್ಮೆ, ಸಮುದ್ರಕ್ಕೆ ಹೋಗುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸುತ್ತೇನೆ. ಅದು ಎರಡು ಥರ. ಒಂದು ಡ್ರೈ ಟೆಸ್ಟ್. ಮುಚ್ಚಿದ ಡಬ್ಬಿಯೊಳಗೆ ವಾಚಿಟ್ಟು ಗಾಳಿಯ ಒತ್ತಡ ಏರಿಸಿ, ಕೇಸು ಎಷ್ಟು ಅಮುಕಿತು ಅಂತ ಮೆಷಿನ್ ಅಳೆಯುತ್ತದೆ. ಸೋರುತ್ತಿದ್ದರೆ ಒಳಗೂ ಹೊರಗೂ ಒತ್ತಡ ಸಮ ಆಗುತ್ತದೆ, ಅಮುಕಿದ ಕೇಸು ಮೊದಲಿನಂತಾಗುತ್ತದೆ, ಮೆಷಿನ್ ಕೆಂಪು ದೀಪ ತೋರಿಸುತ್ತದೆ. ಇನ್ನೊಂದು ವೆಟ್ ಟೆಸ್ಟ್. ನೀರಿನ ಮೇಲಿನ ಗಾಳಿಯಲ್ಲಿ ವಾಚನ್ನು ಒತ್ತಡಕ್ಕೆ ಒಡ್ಡಿ, ಆಮೇಲೆ ನೀರಿಗಿಳಿಸಿ ಒತ್ತಡ ಬಿಡುತ್ತಾರೆ. ಒಳಗೆ ನುಗ್ಗಿದ್ದ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ. ಎಲ್ಲಿಂದ ಸೋರುತ್ತಿದೆ ಅಂತ ಕಣ್ಣಾರೆ ಕಾಣುತ್ತದೆ. ನಾನು ಮೊದಲು ಡ್ರೈ ಕೇಳುತ್ತೇನೆ. ಅದರಲ್ಲಿ ಫೇಲಾದ ವಾಚನ್ನು ನೀರಿಗೆ ತೋರಿಸುವ ಅಗತ್ಯವೇ ಇಲ್ಲ, ಅಲ್ವಾ?

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಡೈವ್ ವಾಚ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6425ರಲ್ಲಿ ಇದು ಬರುತ್ತದೆ. ವಾಚನ್ನು 40ರಿಂದ 45 ಡಿಗ್ರಿಗೆ ಬಿಸಿ ಮಾಡಿ, ಗ್ಲಾಸಿನ ಮೇಲೆ ತಣ್ಣೀರಿನ ಹನಿ ಹಾಕಿ, ಒಂದು ನಿಮಿಷ ಬಿಟ್ಟು ಒರೆಸುತ್ತಾರೆ. ಗ್ಲಾಸಿನ ಒಳಮೈಯಲ್ಲಿ ಮಂಜು ಕಟ್ಟಿರಬಾರದು. ನಾನು ಅಷ್ಟು ಶಿಸ್ತಿನಿಂದ ಮಾಡುವುದಿಲ್ಲ. ಬಿಸಿಲಲ್ಲಿ ತಿರುಗಿ ಬಂದಾಗ ವಾಚು ಬೆಚ್ಚಗಿರುತ್ತದೆ, ಆಗ ಫ್ರಿಜ್ ನೀರಿನ ಒಂದು ಹನಿ ಸಾಕು. ಮಂಜು ಕಂಡರೆ ಅವತ್ತೇ ಅಂಗಡಿಗೆ. ಅಕ್ಕಿ ಡಬ್ಬದಲ್ಲಿ ಹುಗಿದಿಡುವ ಸಲಹೆ ಕೊಡುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಒಳಗಿನ ತೇವ ತುಕ್ಕಾಗುವುದಕ್ಕೆ ಅಕ್ಕಿಯ ಅಪ್ಪಣೆ ಬೇಕಿಲ್ಲ.

ನಮ್ಮ ಹವೆಯಲ್ಲಿ ಸಮುದ್ರಕ್ಕಿಂತ ದೊಡ್ಡ ಶತ್ರು ಬೆವರು. ಬೆಂಗಳೂರಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಮಂಗಳೂರು, ಕಾರವಾರದ ಕಡೆ ಇರುವವರು ಗಮನಿಸಬೇಕು. ಬೆವರಿನ ಉಪ್ಪು ಹಿಂದಿನ ಮುಚ್ಚಳದ ಸಂದಿಯಲ್ಲಿ ಕೂತು ಸ್ಟೇನ್‌ಲೆಸ್ ಸ್ಟೀಲನ್ನೂ ಸೂಜಿಮೊನೆಯಷ್ಟು ಸಣ್ಣ ಗುಳಿಗಳಾಗಿ ತಿನ್ನುತ್ತದೆ. ಆ ಗುಳಿ ಗ್ಯಾಸ್ಕೆಟ್ ಕೂರುವ ಜಾಗಕ್ಕೇ ಬಂದರೆ ಎಷ್ಟು ಹೊಸ ರಬ್ಬರ್ ಹಾಕಿದರೂ ನೀರು ನಿಲ್ಲುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಕ್ರೌನ್ ಬಿಗಿಯಾಗಿದೆಯಾ ಅಂತ ನೋಡಿ, ನಲ್ಲಿ ಕೆಳಗೆ ಹಿಡಿದು, ಮೆತ್ತನೆಯ ಹಳೇ ಬ್ರಷ್‌ನಿಂದ ಹಿಂಬದಿ ಮತ್ತು ಚೈನು ಉಜ್ಜುತ್ತೇನೆ. ಬಿಸಿನೀರ ಸ್ನಾನಕ್ಕೆ ಮಾತ್ರ ವಾಚು ಬಿಚ್ಚಿಡುತ್ತೇನೆ. ಬಿಸಿಯೂ ಸೋಪೂ ಗ್ಯಾಸ್ಕೆಟ್‌ಗೆ ಒಳ್ಳೆಯದಲ್ಲ.

ಸಮುದ್ರ ಅಂದರೆ ನನಗೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ. ನೀರಡಿಯಲ್ಲಿ ಲೆಕ್ಕ ಇಡುವುದು ಡೈವ್ ಕಂಪ್ಯೂಟರ್, ವಾಚು ಜೊತೆಗಾರ ಮಾತ್ರ. ಹವ್ಯಾಸಿಗಳ ಡೈವಿಂಗ್ ಮಿತಿಯೇ 40 ಮೀಟರ್. ಹಾಗಿದ್ದರೆ 300 ಯಾಕೆ ಅಂತ ಕೇಳಿದರೆ ಸರಿಯಾದ ಪ್ರಶ್ನೆಯೇ. ಹತ್ತು ಗಂಟೆಯ ಜಾಗದಲ್ಲಿರುವ ಹೀಲಿಯಂ ವಾಲ್ವ್ ಅಂತೂ ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡುವ ವೃತ್ತಿಪರರಿಗಾಗಿ, ವಾಚಿನೊಳಗೆ ಸೇರಿದ ಹೀಲಿಯಂ ಹೊರಬಿಡಲು ಇರುವುದು. ನಮಗೆ ಅದು ಸುಮ್ನೆ ಇನ್ನೊಂದು ತೂತು. ನಾನು ಅದನ್ನು ತಿರುಗಿಸಲು ಹೋಗುವುದಿಲ್ಲ, ಬಿಗಿಯಾಗಿದೆಯಾ ಅಂತ ಮಾತ್ರ ಮುಟ್ಟಿ ನೋಡುತ್ತೇನೆ. ಈ ಮಾಡೆಲ್‌ನ ನಿಜವಾದ ದೋಷ ಬೆಜೆಲ್, ಅಂದರೆ ನೀರಲ್ಲಿ ಕಳೆದ ನಿಮಿಷ ಎಣಿಸಲು ಡಯಲ್ ಸುತ್ತ ಇರುವ ತಿರುಗುವ ಬಳೆ. ಅದರ ಅಂಚು ಒದ್ದೆ ಕೈಗೆ ಜಾರುತ್ತದೆ, ಗ್ಲೌಸ್ ಹಾಕಿದರೆ ಇನ್ನೂ ಕಷ್ಟ. ದೋಣಿಯಲ್ಲೇ ತಿರುಗಿಸಿಕೊಂಡು ಇಳಿಯುತ್ತೇನೆ. ದಡಕ್ಕೆ ಬಂದ ತಕ್ಷಣ ಸಿಹಿನೀರಲ್ಲಿ ನೆನೆಸಿ, ನೀರೊಳಗೇ ಬೆಜೆಲನ್ನು ಕೆಲವು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಉಪ್ಪು ಮತ್ತು ಮರಳು ಸೇರಿ ಅದನ್ನು ಕಚ್ಚಿ ಹಿಡಿಯುತ್ತವೆ.

ಕ್ರೌನ್ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ನೇರವಾಗಿ ಒತ್ತಿ ಮುಂದಕ್ಕೆ ತಿರುಗಿಸಬೇಡಿ. ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸಿ. ಒಂದು ಕಡೆ ತಿರುಪಿನ ಥ್ರೆಡ್ ಇಳಿದು ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಒತ್ತಿ ಮುಂದಕ್ಕೆ. ಹೀಗೆ ಮಾಡಿದರೆ ಥ್ರೆಡ್ ಸವೆಯುವುದು ಕಡಿಮೆ. ತಾರೀಖನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಬದಲಿಸುವುದಿಲ್ಲ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾರೀಖಿನ ಚಕ್ರಕ್ಕೆ ಕಚ್ಚಿಕೊಂಡಿರುತ್ತವೆ.

ಇನ್ನು ಟೈಮು. ನಿಖರತೆಯ ಪರೀಕ್ಷೆ ಪಾಸಾದ ವಾಚಿಗೆ ಕೊಡುವ ಕ್ರೋನೋಮೀಟರ್ ಸರ್ಟಿಫಿಕೇಟ್ ಪ್ರಕಾರ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆಯಿಂದ 6 ಸೆಕೆಂಡ್ ಮುಂದೆವರೆಗೆ ಒಪ್ಪಿಗೆ. ಮೊಬೈಲ್ ಇದಕ್ಕಿಂತ ಸರಿಯಾದ ಟೈಮ್ ತೋರಿಸುತ್ತದೆ, ಅದರಲ್ಲಿ ವಾದ ಇಲ್ಲ. ರಾತ್ರಿ ವಾಚನ್ನು ಹೇಗೆ ಮಲಗಿಸುತ್ತೀರಿ ಅನ್ನುವುದರ ಮೇಲೂ ಓಟ ಬದಲಾಗುತ್ತದೆ. ನನ್ನದು ಡಯಲ್ ಮೇಲೆ ಮಾಡಿ ಇಟ್ಟರೆ ಸ್ವಲ್ಪ ಮುಂದೆ ಓಡುತ್ತದೆ, ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದೆ ಬೀಳುತ್ತದೆ. ವಾರದ ಲೆಕ್ಕ ನೋಡಿ ಅದರಂತೆ ಇಡುತ್ತೇನೆ. ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿತು ಅಂದರೆ ಮೊದಲ ಅನುಮಾನ ಮ್ಯಾಗ್ನೆಟ್ ಮೇಲೆ. ಸ್ಪೀಕರ್, ಟ್ಯಾಬ್ ಕವರ್, ಬ್ಯಾಗಿನ ಬಟನ್ ಎಲ್ಲದರಲ್ಲೂ ಮ್ಯಾಗ್ನೆಟ್ ಇದೆ. ಅದು ತಗುಲಿದರೆ ಓಟ ನಿಯಂತ್ರಿಸುವ ಸಣ್ಣ ಸ್ಪ್ರಿಂಗ್, ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡಿಮ್ಯಾಗ್ನೆಟೈಸರ್ ಕಡಿಮೆ ಬೆಲೆಗೆ ಸಿಗುತ್ತದೆ, ಕೆಲಸ ಕ್ಷಣದ್ದು. 2018ರಿಂದ ಬಂದ ಇದರ ತಮ್ಮ, ಅಂದರೆ ಹೊಸ ಮಾಡೆಲ್, 15,000 ಗಾಸ್‌ನಷ್ಟು ಮ್ಯಾಗ್ನೆಟ್ ಬಲ ತಡೆಯುತ್ತಾನೆ. ಹಳೆಯದಕ್ಕೆ ಆ ಭಾಗ್ಯ ಇಲ್ಲ.

ಸರ್ವೀಸ್ ಯಾವಾಗ? ಕಂಪನಿ ಹೇಳಿದ ವರ್ಷಕ್ಕಿಂತ, ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್ ಅನ್ನುವ ಮೆಷಿನ್‌ನ ಮಾತು ನನಗೆ ಮುಖ್ಯ. ಪೂರ್ತಿ ಕೀ ತುಂಬಿದಾಗ ಬ್ಯಾಲೆನ್ಸ್ ವೀಲ್ (ಹಿಂದೆ ಮುಂದೆ ತೂಗಿ ಟೈಮ್ ಹಿಡಿಯುವ ಚಕ್ರ) 270 ಡಿಗ್ರಿಯ ಮೇಲೆ ತೂಗುತ್ತಿದ್ದರೆ ಆರಾಮ. 220ರ ಕಡೆ ಇಳಿದರೆ ಎಣ್ಣೆ ಒಣಗಿದೆ ಅಂತ ಅರ್ಥ ಮಾಡಿಕೊಳ್ಳುತ್ತೇನೆ. ಬೆಂಗಳೂರಲ್ಲಿ ಎಚ್‌ಎಂಟಿ ಕಾಲದಿಂದ ಕೀ ವಾಚು ಬಿಚ್ಚಿ ಪಳಗಿದ ಕೈಗಳು ಇನ್ನೂ ಇವೆ. ಮೂವ್‌ಮೆಂಟ್ ವಿಷಯದಲ್ಲಿ ಅವರ ಮೇಲೆ ನನಗೆ ಪೂರ್ತಿ ನಂಬಿಕೆ. ಈ 1120ರ ತಳಪಾಯ ಸ್ವಿಸ್ ಕಂಪನಿ ಇಟಿಎಯ 2892-ಎ2 ಮೂವ್‌ಮೆಂಟ್, ತಿಳಿದವರಿಗೆ ಹೊಸದೇನಲ್ಲ. ಆದರೆ ಒಮೆಗಾದ ಕ್ರೌನು, ವಾಲ್ವು, ಗ್ಯಾಸ್ಕೆಟ್‌ಗಳು ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ನೀರಿಗಿಳಿಯುವ ವಾಚಾದ್ದರಿಂದ ನಾನು ಅಧಿಕೃತ ಸರ್ವೀಸ್‌ಗೇ ಕೊಡುತ್ತೇನೆ. ಬಿಲ್ಲು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ.

ಕೊಡುವಾಗ ಜಾಬ್ ಕಾರ್ಡ್ ಮೇಲೆ ಎರಡು ಮಾತು ಬರೆಸುತ್ತೇನೆ. ಪಾಲಿಶ್ ಬೇಡ. ಡಯಲ್, ಮುಳ್ಳು ನನ್ನನ್ನು ಕೇಳದೆ ಬದಲಿಸಬೇಡಿ. ಈ ಕೇಸಿನ ಚೆಂದ ಇರುವುದು ಚೈನು ಸೇರುವ ತಿರುಚಿದ ಲಗ್‌ಗಳ ಚೂಪು ಅಂಚಿನಲ್ಲಿ. ಪ್ರತಿ ಪಾಲಿಶ್‌ನಲ್ಲೂ ಒಂದಿಷ್ಟು ಸ್ಟೀಲ್ ಹೋಗುತ್ತದೆ, ಅಂಚು ದುಂಡಾಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಗೀರು ಇದ್ದರೆ ಇರಲಿ ಬಿಡಿ.

ಇಂಥದ್ದೇ ಹಳೆಯ ಪೀಸ್ ಕೊಳ್ಳಬೇಕು ಅನ್ನುವ ಗೆಳೆಯರು ಬಾಕ್ಸು, ಕಾರ್ಡು ಇದೆಯಾ ಅಂತ ಮೊದಲು ಕೇಳುತ್ತಾರೆ. ನಾನು ಹಿಂದಿನ ಮುಚ್ಚಳ ತೆಗೆಸಿ ನೋಡಿ ಅನ್ನುತ್ತೇನೆ. ಗ್ಯಾಸ್ಕೆಟ್ ಕೂರುವ ದಾರಿಯಲ್ಲಿ ಗುಳಿ ಇದೆಯಾ, ಕ್ರೌನ್ ಥ್ರೆಡ್ ಸವೆದಿದೆಯಾ, ಚೈನನ್ನು ಅಡ್ಡ ಹಿಡಿದರೆ ಎಷ್ಟು ಜೋತು ಬೀಳುತ್ತದೆ, ಇಷ್ಟು ನೋಡಬೇಕು. ಆಮೇಲೆ ಪ್ರೆಶರ್ ಟೆಸ್ಟ್, ಖರ್ಚು ನಿಮ್ಮದೇ ಇರಲಿ. ಅದಕ್ಕೆ ಒಪ್ಪದ ಮಾರಾಟಗಾರನ ಹತ್ತಿರ ನಾನು ಚೌಕಾಸಿಗೂ ಕೂರುವುದಿಲ್ಲ.