ಹಳೆಯ ಪ್ಯಾಕಾರ್ಡ್ ಎಬ್ಬಿಸುವುದು ಹೇಗೆ? ಮೊದಲು ಬ್ರೇಕ್, ಕೊನೆಗೆ ಬಣ್ಣ

ಹಳೆಯ ಕಾರು ಕೊಂಡವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಮನೆಗೆ ತಂದ ವಾರದಲ್ಲೇ ಪಾನಾ ಹಿಡಿದು ಎಲ್ಲವನ್ನೂ ಬಿಚ್ಚಿಬಿಡುತ್ತಾರೆ. ಬಾಗಿಲು ಒಂದು ಮೂಲೆಗೆ, ಸೀಟು ಅಟ್ಟಕ್ಕೆ, ನಟ್ಟು ಬೋಲ್ಟುಗಳೆಲ್ಲ ಕಾಫಿ ಡಬ್ಬಿಗೆ. ಎರಡು ವರ್ಷ ಕಳೆದರೆ ಯಾವ ಬೋಲ್ಟು ಎಲ್ಲಿಯದು ಅಂತ ಬಿಚ್ಚಿದವರಿಗೇ ನೆನಪಿರುವುದಿಲ್ಲ. ಆಮೇಲೆ ಆ ಕಾರು ‘ಅರ್ಧ ಕೆಲಸ ಮುಗಿದಿದೆ’ ಅನ್ನುವ ಜಾಹೀರಾತಿನ ಜೊತೆ ಮಾರಾಟಕ್ಕೆ ಬರುತ್ತದೆ. ಹಾಗೆ ಬಂದದ್ದನ್ನು ಮಾತ್ರ ಕೊಳ್ಳಬೇಡಿ, ಎಷ್ಟೇ ಅಗ್ಗವಿರಲಿ.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಗ್ಯಾರೇಜಿನಲ್ಲಿರುವುದು 1937ರ ಪ್ಯಾಕಾರ್ಡ್ ಕಂಪನಿಯ ‘120’ ಮಾದರಿಯ ಕಾರು. ಎಂಟು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್, 282 ಘನ ಇಂಚು, ಅಂದರೆ ಸುಮಾರು 4.6 ಲೀಟರ್. 120 ಅಶ್ವಶಕ್ತಿ. ಇದನ್ನು ರಸ್ತೆಗೆ ತರಲು ನನಗೆ ನಾಲ್ಕು ವರ್ಷ ಹಿಡಿಯಿತು. ತಪ್ಪು ಮಾಡದೆ ಇದ್ದಿದ್ದರೆ ಎರಡು ಸಾಕಿತ್ತು.

ಯಾವ ಕಾರು?

ಅಮೆರಿಕದ ಐಷಾರಾಮಿ ಕಾರು ಅಂದರೆ ಈಗ ಎಲ್ಲರ ಬಾಯಲ್ಲೂ ಕ್ಯಾಡಿಲಾಕ್. ಎರಡು ಮಹಾಯುದ್ಧಗಳ ನಡುವೆ ಆ ಗತ್ತು ಪ್ಯಾಕಾರ್ಡ್‌ಗೆ ಇತ್ತು. 1899ರಲ್ಲಿ ಓಹಾಯೊದ ವಾರನ್ ಊರಿನಲ್ಲಿ ಪ್ಯಾಕಾರ್ಡ್ ಸಹೋದರರು ಶುರು ಮಾಡಿದ ಕಂಪನಿ. 1903ರಲ್ಲಿ ಡೆಟ್ರಾಯಿಟ್‌ಗೆ ಬಂತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ದುಬಾರಿ ಕಾರು ಕೊಳ್ಳುವವರು ಕಡಿಮೆಯಾದಾಗ, 1935ರಲ್ಲಿ ಸಾವಿರ ಡಾಲರ್ ಆಸುಪಾಸಿನ ‘120’ ಅನ್ನು ತಂದು ಕಂಪನಿ ಉಸಿರು ಉಳಿಸಿಕೊಂಡಿತು. ಡೆಟ್ರಾಯಿಟ್‌ನಲ್ಲಿ ಕೊನೆಯ ಪ್ಯಾಕಾರ್ಡ್ ತಯಾರಾದದ್ದು 1956ರಲ್ಲಿ. 1957 ಮತ್ತು 58ರಲ್ಲಿ ಆ ಹೆಸರಿನಲ್ಲಿ ಬಂದವು ಒಳಗೆಲ್ಲ ಸ್ಟುಡೆಬೇಕರ್ ಅನ್ನುವ ಇನ್ನೊಂದು ಕಂಪನಿಯ ಕಾರುಗಳೇ.

ಹೊಸಬರಿಗೆ ನನ್ನ ಸಲಹೆ 120 ಮಾದರಿಯೇ. ಕಾರಣ ಸರಳ. ಇವು ಸಾವಿರಾರು ತಯಾರಾದವು, ಹಾಗಾಗಿ ಬಿಡಿಭಾಗ ಸಿಗುತ್ತವೆ. ಇನ್ನೊಂದು ಕಾರಣವೂ ಇದೆ. 1952ರಲ್ಲಿ ಹುಟ್ಟಿದ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ ತನ್ನದೇ ‘ಫುಲ್ ಕ್ಲಾಸಿಕ್’ ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಹನ್ನೆರಡು ಸಿಲಿಂಡರಿನ ಪ್ಯಾಕಾರ್ಡ್ ಟ್ವೆಲ್ವ್, ಸೂಪರ್ ಏಟ್ ಇವಕ್ಕೆಲ್ಲ ಜಾಗ ಉಂಟು, ಸಾಮಾನ್ಯ 120 ಸೆಡಾನ್‌ಗೆ ಇಲ್ಲ. ಪಟ್ಟಿಯಲ್ಲಿ ಇಲ್ಲದ ಕಾರಿನ ಬೆಲೆ ಕೈಗೆಟುಕುತ್ತದೆ. ರೇಡಿಯೇಟರಿನ ಮುಂದಿನ ಆ ಎತ್ತಿನ ನೊಗದಂಥ ಬಾಗು, ಚಕ್ರದ ನಡುವಿನ ಕೆಂಪು ಷಟ್ಕೋನ ಪಟ್ಟಿಯ ಪ್ಯಾಕಾರ್ಡ್‌ನಲ್ಲೂ 120ರಲ್ಲೂ ಇರುತ್ತದೆ, ಅಲ್ವಾ?

ಕೊಳ್ಳುವ ಮುಂಚೆ

ಒಂದು ಅಯಸ್ಕಾಂತ, ಒಂದು ಟಾರ್ಚ್, ಕೊಳೆಯಾದರೂ ಬೇಸರವಿಲ್ಲದ ಬಟ್ಟೆ. ಇಷ್ಟು ಸಾಕು. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗ, ಮಡ್‌ಗಾರ್ಡ್ ಅಂಚಿನ ಮೇಲೆಲ್ಲ ಆಡಿಸಿ. ಅಂಟದ ಕಡೆ ಕಬ್ಬಿಣವಿಲ್ಲ, ಪುಟ್ಟಿ ಮೆತ್ತಿದ್ದಾರೆ. ಕಾರಿನ ಕೆಳಗೆ ಮಲಗಿ ನೆಲದ ತಗಡು ನೋಡಿ. ಬಾಗಿಲು ತೆರೆದಾಗ ಜೋತು ಬೀಳುತ್ತದೆಯಾ? ಆ ಕಾಲದ ಅನೇಕ ಕಾರುಗಳಲ್ಲಿ ತಗಡಿನ ಹಿಂದೆ ಮರದ ಚೌಕಟ್ಟು ಇರುತ್ತದೆ. ಮರ ಕೊಳೆತಿದ್ದರೆ ಹಿಂಜು ಬಿಗಿಮಾಡಿ ಪ್ರಯೋಜನವಿಲ್ಲ, ಬಡಗಿ ಕೆಲಸ ಕಾದಿದೆ.

ಇನ್ನು ಕಾಗದಪತ್ರ. ಯುದ್ಧಕ್ಕೆ ಮುಂಚಿನ ಪ್ಯಾಕಾರ್ಡ್‌ಗಳಲ್ಲಿ ಬಾನೆಟ್ ಒಳಗೆ, ಎಂಜಿನ್ ಹಿಂದಿನ ಗೋಡೆಯ ಮೇಲೆ ಒಂದು ಪುಟ್ಟ ಲೋಹದ ತಗಡು ಇರುತ್ತದೆ. ಕಾರಿನ ನಂಬರ್ ಜೊತೆ, ಅದನ್ನು ಮೊದಲು ಮಾರಿದ ಡೀಲರ್, ಊರು, ಕೊಟ್ಟ ದಿನಾಂಕ ಅದರಲ್ಲಿ ಅಚ್ಚಾಗಿರುತ್ತದೆ. ಕಾರಿನ ಜಾತಕ ಅಂದುಕೊಳ್ಳಿ. ಅದು ಮಾಲೀಕತ್ವದ ಕಾಗದಕ್ಕೆ ಹೊಂದದಿದ್ದರೆ ವಾಪಸ್ ಬನ್ನಿ.

ಕಾಣೆಯಾದ ಸಣ್ಣ ವಸ್ತುಗಳನ್ನು ಎಣಿಸಿ. ಎಂಜಿನ್ ಇನ್ನೊಂದು ಸಿಗುತ್ತದೆ. ದೀಪದ ಸುತ್ತಲಿನ ಹೊಳಪಿನ ಕಟ್ಟು, ಬಾಗಿಲ ಹಿಡಿಕೆ, ಡ್ಯಾಶ್‌ಬೋರ್ಡಿನ ಗುಬುಟು ಹುಡುಕಲು ವರ್ಷಗಟ್ಟಲೆ ಬೇಕು. ಪ್ರತಿ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಹಳೆಯ ಕಾರುಗಳ ದೊಡ್ಡ ಸಂತೆ ನಡೆಯುತ್ತದೆ. ಪಟ್ಟಿ ಬರೆದುಕೊಂಡು, ಮಳೆಗೆ ಬೂಟು ಹಾಕಿಕೊಂಡು ಅಲ್ಲಿಗೆ ಹೋಗಿ. ಒಂದು ಹಿಡಿಕೆಗಾಗಿ ನಾನು ಎರಡು ದಿನ ಅಲೆದಿದ್ದೇನೆ.

ಬ್ರೇಕ್

ಕಾರು ಮನೆಗೆ ಬಂತು. ಎಂಜಿನ್ ಮುಟ್ಟಬೇಡಿ. ಓಡುವ ಕಾರನ್ನು ನಿಲ್ಲಿಸಲು ಆಗದಿದ್ದರೆ ಏನು ಮಾಡುತ್ತೀರಿ?

120ರಲ್ಲಿ ಹೈಡ್ರಾಲಿಕ್ ಬ್ರೇಕ್. ಆದರೆ ಈಗಿನ ಕಾರುಗಳ ಹಾಗೆ ಎರಡು ಸರ್ಕ್ಯೂಟ್ ಇಲ್ಲ, ಒಂದೇ. ಎಲ್ಲಾದರೂ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಮೂರೂ ರಬ್ಬರ್ ಹೋಸ್, ಕಬ್ಬಿಣದ ಪೈಪ್‌ಗಳು, ಚಕ್ರದ ಸಿಲಿಂಡರುಗಳ ರಬ್ಬರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಹೊಸದು ಮಾಡಿ. ಚೆನ್ನಾಗಿ ಕಾಣುತ್ತಿದೆ ಅಂತ ಯಾವುದನ್ನೂ ಬಿಡಬೇಡಿ. ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ, ನೆಲದ ಕೆಳಗೆ ಕೂತಿರುತ್ತದೆ. ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದರಲ್ಲಿ ಎಣ್ಣೆ ಇದೆಯೇ ಅಂತ ನೋಡುವುದನ್ನೇ ಜನ ಮರೆಯುತ್ತಾರೆ.

ಹಿಂದಿನ ಡ್ರಮ್ ತೆಗೆಯುವುದು ಒಂದು ಸಾಹಸ. ಅದು ಮೊನೆ ಕಡೆಗೆ ಸಣ್ಣದಾಗುತ್ತಾ ಹೋಗುವ ಆಕ್ಸಲ್ ಮೇಲೆ ಕಚ್ಚಿ ಕೂತಿರುತ್ತದೆ. ಸುತ್ತಿಗೆಯಿಂದ ಬಡಿದರೆ ಆಕ್ಸಲ್ಲೇ ಹಾಳು. ಅದಕ್ಕೆಂದೇ ಇರುವ ಹಬ್ ಪುಲ್ಲರ್ ಬಾಡಿಗೆಗೆ ತನ್ನಿ. ಮುಖ್ಯ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಬಿಟ್ಟಿರಿ. ಡ್ರಮ್ ಬಿಟ್ಟುಕೊಳ್ಳುವಾಗ ಪಟಾಕಿ ಹೊಡೆದ ಹಾಗೆ ಸದ್ದಾಗುತ್ತದೆ. ಆ ನಟ್ಟು ಇಲ್ಲದಿದ್ದರೆ ಅದು ಹಾರಿ ನಿಮ್ಮ ಮೇಲೇ ಬೀಳಬಹುದು.

ಒಳಗಿನ ಧೂಳನ್ನು ಏರ್ ಕಂಪ್ರೆಸರ್‌ನಿಂದ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಒದ್ದೆ ಮಾಡಿ ಒರೆಸಿ. ಬ್ರೇಕ್ ಎಣ್ಣೆ ಡಾಟ್ 3 ಆಗಲಿ, ಸಿಲಿಕೋನಿನ ಡಾಟ್ 5 ಆಗಲಿ, ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ಬೆರೆಸಬಾರದು.

ನಿದ್ದೆಯಲ್ಲಿರುವ ಎಂಜಿನ್

ಹತ್ತಾರು ವರ್ಷ ನಿಂತ ಎಂಜಿನ್ನಿಗೆ ಸುಮ್ನೆ ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತಬೇಡಿ. ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ವಾರ ಕಾಯಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತಳ್ಳಿ. ಎಂಜಿನ್ ತಿರುಗಿದರೆ ನಿಮ್ಮ ಅದೃಷ್ಟ. ತಿರುಗದಿದ್ದರೆ ಇನ್ನೊಂದು ವಾರ. ಬಲ ಹಾಕಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ.

ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ಪಕ್ಕದಲ್ಲಿರುತ್ತವೆ. ಪಕ್ಕದ ಮುಚ್ಚಳ ತೆಗೆದರೆ ಹದಿನಾರೂ ಕಾಣುತ್ತವೆ. ಒಬ್ಬರು ತಿರುಗಿಸಲಿ, ಇನ್ನೊಬ್ಬರು ನೋಡಲಿ. ಮೇಲೆ ಹೋದದ್ದು ಕೆಳಗೆ ಬಾರದೆ ಅಂಟಿಕೊಂಡಿದ್ದರೆ ಅದಕ್ಕೂ ಎಣ್ಣೆ, ತಾಳ್ಮೆ. ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ ತೊಳೆಯಿರಿ. ತಳದಲ್ಲಿ ಕಾಕಂಬಿಯಂಥ ರಾಡಿ ಇರುತ್ತದೆ. ಅದನ್ನು ಹಾಗೇ ಬಿಟ್ಟು ಈಗಿನ ಡಿಟರ್ಜೆಂಟ್ ಆಯಿಲ್ ಹಾಕಿದರೆ ರಾಡಿ ಕರಗಿ ಎದ್ದು ಆಯಿಲ್ ದಾರಿಯನ್ನೇ ಮುಚ್ಚಬಹುದು.

ಹಲವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಉದ್ದದ ಎಂಜಿನ್ ಆದ್ದರಿಂದ ತಣ್ಣನೆ ನೀರನ್ನು ಹಿಂದಿನ ಸಿಲಿಂಡರ್‌ವರೆಗೂ ಒಯ್ಯಲು ಬ್ಲಾಕ್ ಒಳಗೆ ಒಂದು ತಗಡಿನ ಕೊಳವೆ ಇರುತ್ತದೆ. ಅದು ತುಕ್ಕು ಹಿಡಿದು ಕರಗಿಹೋಗುತ್ತದೆ. ಆಗ ಮುಂದಿನ ಸಿಲಿಂಡರ್ ತಣ್ಣಗೆ, ಹಿಂದಿನವು ಕಾದ ಕಾವಲಿ. ಜನ ರೇಡಿಯೇಟರ್ ಬದಲಾಯಿಸುತ್ತಾರೆ, ಥರ್ಮೋಸ್ಟಾಟ್ ಬದಲಾಯಿಸುತ್ತಾರೆ, ಕೊಳವೆಯನ್ನು ನೋಡುವುದೇ ಇಲ್ಲ. ನೀರಿನ ಪಂಪ್ ತೆಗೆದಾಗಲೇ ಅದನ್ನೂ ಎಳೆದು ಹೊಸದು ಹಾಕಿ.

ಹಳೆಯ ಟ್ಯಾಂಕಿನ ಪೆಟ್ರೋಲ್ ನಂಬಬೇಡಿ. ದೋಣಿಗೆ ಬಳಸುವ ಪ್ಲಾಸ್ಟಿಕ್ ಕ್ಯಾನಿನಿಂದ ತಾಜಾ ಪೆಟ್ರೋಲ್ ಕೊಟ್ಟು ಮೊದಲ ಸಲ ಸ್ಟಾರ್ಟ್ ಮಾಡಿ. ಅಮೆರಿಕದ ಪಂಪುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಇರುತ್ತದೆ. ಹಳೆಯ ಫ್ಯುಯೆಲ್ ಪಂಪಿನ ರಬ್ಬರ್ ಪೊರೆಯನ್ನು ಅದು ತಿನ್ನುತ್ತದೆ, ಅದಕ್ಕೆ ತಡೆಯುವ ಪೊರೆ ಹಾಕಿಸಿ.

ಆರು ವೋಲ್ಟಿನ ಪಾಠ

ಇದು ನಾನು ಕೆಟ್ಟು ಕಲಿತದ್ದು. ಈ ಕಾರಿನದು ಆರು ವೋಲ್ಟ್, ಅದೂ ಬ್ಯಾಟರಿಯ ಪಾಸಿಟಿವ್ ಕಡೆ ಚಾಸಿಗೆ. ಉಲ್ಟಾ ಹಾಕಿದರೆ ಆಂಪಿಯರ್ ಮೀಟರ್ ಹಿಂದಕ್ಕೆ ಓಡುತ್ತದೆ, ಡೈನಮೋ ತಕರಾರು ಮಾಡುತ್ತದೆ. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕೇಬಲ್ ದಪ್ಪ. ಅಂಗಡಿಯಲ್ಲಿ ಸಿಕ್ಕ ಹನ್ನೆರಡು ವೋಲ್ಟಿನ ಕೇಬಲ್ ತಂದು ಹಾಕಿದೆ. ಸ್ಟಾರ್ಟರ್ ಮುಲುಗಿತು, ತಿರುಗಲಿಲ್ಲ. ಸ್ಟಾರ್ಟರ್ ಬಿಚ್ಚಿ ರಿಪೇರಿಗೆ ಕೊಟ್ಟೆ. ಏನೂ ಆಗಿಲ್ಲ ಅಂತ ವಾಪಸ್ ಬಂತು. ಒಂದು ದಿನ ಕೈ ತಗುಲಿದಾಗ ಕೇಬಲ್ ಸುಡುತ್ತಿತ್ತು. ಅಷ್ಟೇ ಶಕ್ತಿ ಅರ್ಧ ವೋಲ್ಟೇಜಿನಲ್ಲಿ ಬೇಕಾದರೆ ಕರೆಂಟು ಎರಡರಷ್ಟು ಹರಿಯಬೇಕು, ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಬೇಕು. ಶಾಲೆಯಲ್ಲಿ ಓದಿದ್ದೇ.

ದೀಪ ಮಂಕಾದರೆ ಮೊದಲು ಅರ್ಥಿಂಗ್ ಜಾಗಗಳನ್ನು ಉಜ್ಜಿ. ‘ಹನ್ನೆರಡಕ್ಕೆ ಬದಲಾಯಿಸು’ ಅನ್ನುವವರ ಮಾತು ಕೇಳಬೇಡಿ. ಬಟ್ಟೆ ಸುತ್ತಿದ ಹಳೆಯ ವೈರಿನ ಮಾದರಿಯಲ್ಲೇ ಹೊಸ ಹಾರ್ನೆಸ್ (ವೈರುಗಳ ಕಟ್ಟು) ಮಾಡಿಕೊಡುವವರು ಇದ್ದಾರೆ, ಅದನ್ನೇ ಹಾಕಿ.

ಹೊಳಪು

ಕಾರು ಓಡಿ, ನಿಂತು, ಒಂದು ಬೇಸಿಗೆ ಕಳೆದ ಮೇಲೆ ಬಣ್ಣದ ಯೋಚನೆ ಮಾಡಿ. ಮೂಲ ಬಣ್ಣ ಇನ್ನೂ ಉಳಿದಿದ್ದರೆ ಮಾಡಲೇಬೇಡಿ ಅನ್ನುವ ಪಂಗಡ ನನ್ನದು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಂಥ ದೊಡ್ಡ ಹಳೆಯ ಕಾರು ಪ್ರದರ್ಶನದಲ್ಲೂ ಈಗ ಕೆದಕದ ಕಾರುಗಳಿಗೆ ಬೇರೆ ವಿಭಾಗವಿದೆ. ಮಾಡಲೇಬೇಕಾದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುವಿಕೆ ಬೇಡ.

ಕ್ರೋಮ್ ಕೆಲಸವೇ ಜೇಬಿಗೆ ಕತ್ತರಿ. ತಾಮ್ರ, ನಿಕ್ಕಲ್, ಕ್ರೋಮ್ ಅಂತ ಮೂರು ಪದರ ಏರಬೇಕು. ಸತುವಿನ ಎರಕದ ಭಾಗಗಳಲ್ಲಿ ಎದ್ದ ಗುಳಿಗಳನ್ನು ಒಂದೊಂದಾಗಿ ಕೊರೆದು ತುಂಬಬೇಕು. ಕೊಡುವ ಮುಂಚೆ ಪ್ರತಿ ತುಂಡಿನ ಫೋಟೋ ತೆಗೆದು, ಎಣಿಸಿ, ಸಹಿ ಹಾಕಿಸಿಕೊಳ್ಳಿ. ನಾನು ಇಪ್ಪತ್ತೆರಡು ಕೊಟ್ಟು ಇಪ್ಪತ್ತು ವಾಪಸ್ ಪಡೆದವನು.

ಬಾನೆಟ್ ತುದಿಯಲ್ಲಿ ಅಲಂಕಾರಕ್ಕೆ ಕೂರಿಸಿದ ಹಕ್ಕಿಯ ಬಗ್ಗೆ ಒಂದು ಮಾತು. ಅದನ್ನು ಕಂಪನಿ ಒಮ್ಮೆ ಪೆಲಿಕನ್ ಅಂದಿತು, ಒಮ್ಮೆ ಕಾರ್ಮೊರೆಂಟ್ ಅಂದಿತು. ಹೆಜ್ಜಾರ್ಲೆಯೋ ನೀರುಕಾಗೆಯೋ ಅಂತ ಪ್ಯಾಕಾರ್ಡ್ ಮಂದಿ ಇವತ್ತಿಗೂ ಜಗಳವಾಡುತ್ತಾರೆ. ಕೊಕ್ಕರೆ ಬೆಳ್ಳೂರಿನವರನ್ನು ಕರೆಸಿದ್ದರೆ ಒಂದೇ ದಿನದಲ್ಲಿ ತೀರ್ಪಾಗುತ್ತಿತ್ತು.

ಸೀಟಿನ ಕುಷನ್ ಕೆಲಸಕ್ಕೆ ಆ ಕಾಲದ ಉಣ್ಣೆ ಬಟ್ಟೆಯೇ ಸಿಗುತ್ತದೆ. ರೆಕ್ಸಿನ್ ಹಾಕಬೇಡಿ.

ನಿಲ್ಲಿಸಿಡುವಾಗ

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಕಾರಿಗೆ ಉಪಕಾರವಲ್ಲ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರು ನಿಲ್ಲುತ್ತದೆ. ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟಬೇಡಿ. ಇಲಿಗಳಿಗೆ ಸೀಟಿನ ಹತ್ತಿ ಬಹಳ ಇಷ್ಟ, ನೆನಪಿರಲಿ.

ಊರಿನಲ್ಲಿ ಅಜ್ಜನ ಕಾಲದ ಕಾರು ಇಟ್ಟುಕೊಂಡವರಿಗೂ ಒಂದು ಮಾತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ ಇವನ್ನು ದೊಡ್ಡದಾಗಿ ಬದಲಾಯಿಸಿರಬಾರದು ಅನ್ನುವ ಷರತ್ತಿದೆ. ಡೀಸೆಲ್ ಎಂಜಿನ್ ಕೂರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಶೆಲ್ಬಿ ಟೌನ್‌ಶಿಪ್‌ನಲ್ಲಿ ಪ್ಯಾಕಾರ್ಡ್‌ನವರ ಹಳೆಯ ಪರೀಕ್ಷಾ ಮೈದಾನವಿದೆ, ಅದರ ಗೇಟಿನವರೆಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತಿದ್ದರು. ಹತ್ತು ನಿಮಿಷವಾದ ಮೇಲೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, “ಇಷ್ಟೆಲ್ಲಾ ಖರ್ಚು ಮಾಡಿದ್ದೀಯ, ಇದಕ್ಕೆ ಏಸಿ ಇಲ್ವೇನೋ?” ಅಂದರು. ಕಾರಿಗೆ ಕಂಪನಿಯಿಂದಲೇ ಏಸಿ ಕೂರಿಸಿ ಮೊದಲು ಮಾರಿದ್ದೂ ಪ್ಯಾಕಾರ್ಡ್‌ನವರೇ, ಆದರೆ ಅದು 1940ರ ಮಾದರಿಯಲ್ಲಿ ಅಂತ ಹೇಳಿದೆ. “ಹಾಗಾದ್ರೆ ಅದನ್ನೇ ತಗೋಬೇಕಿತ್ತು” ಅಂದರು.