ತಮಟೆ ಏಟು ಮಂಕಾಗದಂತೆ ಎಂಪಿ3 ಮಾಡುವುದು

ಕೋಲಾರದ ಕಡೆ ಊರಹಬ್ಬದ ತಮಟೆಯನ್ನು ಮೊದಲು ಸದ್ದನ್ನು ಕುಗ್ಗಿಸದ ವೇವ್ ಫೈಲಾಗಿಯೇ ರೆಕಾರ್ಡ್ ಮಾಡಿ: 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ. ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ತಿನ್ನಲಿ. ಅತಿ ಜೋರಿನ ಏಟೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟಬಾರದು; ಸೊನ್ನೆ ಮೀರಿದರೆ ಸದ್ದು ಒಡೆಯುತ್ತದೆ. ಒಡೆದ ಸದ್ದನ್ನು ಯಾವ ಕೋಡೆಕ್ಕೂ (ಸದ್ದನ್ನು ಕುಗ್ಗಿಸಿ ಬಿಚ್ಚುವ ವಿಧಾನ) ಸರಿಮಾಡದು. ಎತ್ತಿಡುವ ಪ್ರತಿಗೆ ಫ್ಲ್ಯಾಕ್ ಎಂಬ ಕೋಡೆಕ್, ಫೈಲು ಕುಗ್ಗಿಸಿದರೂ ಒಂದು ಬಿಟ್ಟೂ ಕಳೆಯದು.

ಹಂಚಲು ಎಂಪಿ3 ಬೇಕೆಂದರೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬುದು, 192 ಕೆಬಿಪಿಎಸ್‌ಗಿಂತ ಕೆಳಗಿಳಿಯಬೇಡಿ. ಎಂಪಿ3 ಸದ್ದನ್ನು 1152 ಅಳತೆಗಳ, ಅಂದರೆ ಸ್ಯಾಂಪಲ್‌ಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಹಿಡಿದು, ಕಿವಿಗೆ ಬೀಳದೆಂದು ಎಣಿಸಿದ್ದನ್ನು ಒರಟಾಗಿ ಬರೆದುಕೊಳ್ಳುತ್ತದೆ. ಬಿಟ್‌ರೇಟ್ ಕಮ್ಮಿಯಾದರೆ ಆ ಒರಟುತನ ತುಂಡಿನುದ್ದಕ್ಕೂ ಹರಡಿ, ಕಡ್ಡಿ ಚರ್ಮಕ್ಕೆ ತಾಗುವ ಮುಂಚೆಯೇ ‘ಉಸ್ಸ್’ ಎನ್ನುತ್ತದೆ. ಬರೀ ಮಾತಿಗಾದರೆ ಓಪಸ್ ಎಂಬ ಕೋಡೆಕ್, ಮೋನೊ (ಒಂದೇ ಚಾನೆಲ್), 32 ಕೆಬಿಪಿಎಸ್ ಧಾರಾಳ.

ಎಂಪಿ3ಯನ್ನು ವಾಪಸ್ ಫ್ಲ್ಯಾಕ್ ಮಾಡಿದರೆ ಫೈಲು ಊದುತ್ತದೆ ಅಷ್ಟೆ, ಹೋದ ಸದ್ದು ಬಾರದು.