ಮೊದಲು ಬಾಗಿಲು ಮುಚ್ಚಿ, ಆಮೇಲೆ ಕಪಾಟು ತೆರೆಯಿರಿ

ಮನೆಯಲ್ಲಿ ಸಾಮಾನು ಜಾಸ್ತಿಯಾಯಿತು ಅನಿಸಿದ ಕೂಡಲೇ ಹೆಚ್ಚಿನವರು ಏನು ಮಾಡುತ್ತಾರೆ ಗೊತ್ತಾ? ಅದನ್ನೆಲ್ಲ ತುಂಬಿಡಲು ಇನ್ನಷ್ಟು ಡಬ್ಬಿ, ಬುಟ್ಟಿ, ಸ್ಟ್ಯಾಂಡು ತರುತ್ತಾರೆ. ಎರಡು ದಿನ ಮನೆ ಅಚ್ಚುಕಟ್ಟಾಗಿ ಕಾಣುತ್ತದೆ. ಸಾಮಾನು ಮಾತ್ರ ಒಂದೂ ಕಡಿಮೆಯಾಗಿರುವುದಿಲ್ಲ. ಹಳೆಯದರ ಜೊತೆ ಡಬ್ಬಿಗಳೂ ಸೇರಿಕೊಂಡಿರುತ್ತವೆ, ಅಷ್ಟೆ.

ಕಡಿಮೆ ವಸ್ತುಗಳಲ್ಲಿ ಬದುಕುವುದು ಅಂದರೆ ಬಿಳಿ ಗೋಡೆ, ಒಂದು ಕುರ್ಚಿ, ಮೂಲೆಯಲ್ಲೊಂದು ಗಿಡ ಎಂದು ಫೋಟೊಗಳಲ್ಲಿ ತೋರಿಸುತ್ತಾರೆ. ಅದನ್ನು ಮರೆತುಬಿಡಿ. ಮರಗೆಲಸದ ಹುಚ್ಚಿರುವವರ ಮನೆಯಲ್ಲಿ ಇಪ್ಪತ್ತು ಬಗೆಯ ಉಳಿ ಇದ್ದರೂ ಜಾಸ್ತಿಯಲ್ಲ. ಯಾರೂ ಬಿಚ್ಚದ ಮೂರು ಛತ್ರಿ ಇದ್ದರೆ ಅದು ಜಾಸ್ತಿ. ಇಷ್ಟೇ ಇರಬೇಕು ಅನ್ನುವ ಲೆಕ್ಕ ಯಾರೂ ಕೊಡಲಾರರು. ಹೇಗೆ ಶುರುಮಾಡಬೇಕು ಎಂದು ಮಾತ್ರ ಹೇಳಬಹುದು.

ಒಂದು ತಿಂಗಳು ಏನೂ ತರಬೇಡಿ

ಕೆಲಸ ಶುರುವಾಗುವುದು ಎಸೆಯುವುದರಿಂದ ಅಲ್ಲ. ಒಳಗೆ ಬರುವುದು ನಿಲ್ಲದಿದ್ದರೆ ಖಾಲಿಯಾದ ಕಪಾಟು ಮತ್ತೆ ತುಂಬಿಕೊಳ್ಳುತ್ತದೆ. ದಿನಸಿ, ಔಷಧಿ, ಸೋಪಿನಂಥ ಮುಗಿದುಹೋಗುವ ವಸ್ತುಗಳನ್ನು ತನ್ನಿ. ದಿನಾ ಬೇಕಾದದ್ದು ಮುರಿದುಹೋದರೆ ಅದನ್ನೂ ತನ್ನಿ. ಬೇರೆ ಏನನ್ನು ನೋಡಿ ಆಸೆಯಾದರೂ ಒಂದು ಹಾಳೆಯಲ್ಲಿ ಹೆಸರು, ತಾರೀಖು ಬರೆದಿಡಿ. ಆ ಹಾಳೆ ಆಮೇಲೆ ಬೇಕಾಗುತ್ತದೆ. ಪುಕ್ಕಟೆ ಸಿಗುವ ಬ್ಯಾಗು, ಬಾಟಲಿ, ಪೆನ್ನುಗಳಿಗೂ ಇದೇ ನಿಯಮ. ಪುಕ್ಕಟೆ ಬಂದ ವಸ್ತುವಿಗೂ ಮನೆಯಲ್ಲಿ ಜಾಗ ಬೇಕಲ್ವಾ?

ಒಂದು ಡ್ರಾಯರ್ ಪೂರ್ತಿ ಖಾಲಿ ಮಾಡಿ

ಇಡೀ ಮನೆಗೆ ಒಂದೇ ಭಾನುವಾರ ಕೈ ಹಾಕಿದರೆ ಸಂಜೆ ಹೊತ್ತಿಗೆ ಎಲ್ಲ ನೆಲದ ಮೇಲೆ, ನೀವು ಅದರ ನಡುವೆ. ಅರ್ಧ ಗಂಟೆಯಲ್ಲಿ ಮುಗಿಯುವ ಜಾಗ ಆರಿಸಿಕೊಳ್ಳಿ. ಅದು ನಿಮ್ಮದೇ ಜಾಗವಾಗಿರಲಿ. ಹಳೆಯ ಪತ್ರ, ಫೋಟೊ ಇರುವ ಜಾಗ ಬೇಡ, ಅಲ್ಲಿ ಓದುತ್ತಾ ಕೂತುಬಿಡುತ್ತೀರಿ.

ಒಳಗಿರುವುದನ್ನೆಲ್ಲ ಹೊರಗೆ ಸುರಿಯಿರಿ. ಡ್ರಾಯರಿನಲ್ಲೇ ಇಟ್ಟುಕೊಂಡು ನೋಡಿದರೆ ಯಾವುದನ್ನು ತೆಗೆಯಲಿ ಎಂದು ಹುಡುಕುತ್ತೀರಿ. ಹೊರಗೆ ಸುರಿದರೆ ಯಾವುದನ್ನು ಮತ್ತೆ ಒಳಗಿಡಲಿ ಎಂದು ಆರಿಸಬೇಕಾಗುತ್ತದೆ. ಎರಡಕ್ಕೂ ತುಂಬ ವ್ಯತ್ಯಾಸವಿದೆ. 1990ರಲ್ಲಿ ಡೇನಿಯಲ್ ಕಾನೆಮನ್, ಜಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟು ಸಿಕ್ಕರೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಮಗ್ ಕೈಗೆ ಬಂದು ಹೆಚ್ಚು ಹೊತ್ತೂ ಆಗಿರಲಿಲ್ಲ! ಹೀಗಿರುವಾಗ ಹತ್ತು ವರ್ಷ ಕಪಾಟಿನಲ್ಲಿದ್ದ ವಸ್ತುವನ್ನು ಬಿಡಲು ಮನಸ್ಸು ಬಾರದಿದ್ದರೆ ಆಶ್ಚರ್ಯವಿಲ್ಲ.

ಹಾಗಾಗಿ 'ಇದು ಬೇಕಾ' ಎಂದು ಕೇಳಿಕೊಳ್ಳಬೇಡಿ, ಬೇಕು ಅನ್ನುವ ಉತ್ತರವೇ ಬರುತ್ತದೆ. 'ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ' ಎಂದು ಕೇಳಿಕೊಳ್ಳಿ.

ಬಟ್ಟೆ: ಒಗೆಯುವ ಲೆಕ್ಕ ಹಿಡಿಯಿರಿ

ಡ್ರಾಯರ್ ಆದ ಮೇಲೆ ಬಟ್ಟೆಗೆ ಬನ್ನಿ. ಎಷ್ಟು ಜೊತೆ ಬೇಕು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಸುಲಭದ ಲೆಕ್ಕವಿದೆ. ನಿಮ್ಮಲ್ಲಿ ಎಷ್ಟು ದಿನಕ್ಕೊಮ್ಮೆ ಬಟ್ಟೆ ಒಗೆಯುತ್ತೀರಿ? ನಾಲ್ಕು ದಿನಕ್ಕೊಮ್ಮೆ ಅನ್ನಿ. ನಾಲ್ಕು ದಿನದ ಬಟ್ಟೆ, ಒಣಗದೆ ಉಳಿದರೆ ಇರಲಿ ಎಂದು ಇನ್ನೆರಡು ಮೂರು ಜೊತೆ. ದಿನದ ಬಳಕೆಗೆ ಇಷ್ಟು ಸಾಕು. ಸಮಾರಂಭದ ಬಟ್ಟೆ, ಚಳಿಯ ಬಟ್ಟೆ ಬೇರೆ ಲೆಕ್ಕ.

ಯಾವುದನ್ನು ಹಾಕುತ್ತೀರಿ, ಯಾವುದನ್ನು ಹಾಕುವುದಿಲ್ಲ ಎಂದು ನೆನಪಿನಿಂದ ಹೇಳಲು ಹೋಗಬೇಡಿ, ನೆನಪು ಸುಳ್ಳು ಹೇಳುತ್ತದೆ. ಎಲ್ಲ ಹ್ಯಾಂಗರುಗಳ ಕೊಕ್ಕೆಯನ್ನು ಒಂದೇ ದಿಕ್ಕಿಗೆ ತಿರುಗಿಸಿಡಿ. ಹಾಕಿಕೊಂಡ ಬಟ್ಟೆ ಒಗೆದು ಬಂದ ಮೇಲೆ ಅದರ ಕೊಕ್ಕೆಯನ್ನು ಉಲ್ಟಾ ಮಾಡಿ. ಎಲ್ಲ ಕಾಲದ ಬಟ್ಟೆಗೂ ಅವಕಾಶ ಸಿಗಲಿ, ಒಂದು ವರ್ಷ ಕಾಯಿರಿ. ಆಗಲೂ ತಿರುಗದ ಕೊಕ್ಕೆಗಳು ಉತ್ತರ ಹೇಳುತ್ತವೆ.

ಬಟ್ಟೆಯಲ್ಲಿ ಎರಡು ಕಡೆ ಕೈ ನಡುಗುತ್ತದೆ. ಒಂದು, ದುಬಾರಿ ಬಟ್ಟೆ. ಅದರ ದುಡ್ಡು ಕೊಟ್ಟ ದಿನವೇ ಹೋಯಿತು, ಇಟ್ಟುಕೊಂಡರೆ ವಾಪಸ್ ಬರುವುದಿಲ್ಲ. ಇನ್ನೊಂದು, ಸಣ್ಣಗಾದ ಮೇಲೆ ಹಾಕುತ್ತೇನೆ ಎಂದು ಎತ್ತಿಟ್ಟದ್ದು. ಸಣ್ಣಗಾಗಬಾರದು ಎಂದಲ್ಲ, ಆದರೆ ದಿನಾ ಬೆಳಿಗ್ಗೆ ಕಪಾಟು ತೆರೆದಾಗ ಬೈಸಿಕೊಳ್ಳುವ ಕರ್ಮ ಯಾಕೆ?

'ಇರಲಿ' ಪೆಟ್ಟಿಗೆ

ಬಿಡಲೂ ಆಗದ, ಬಳಸಲೂ ಬಾರದ ವಸ್ತುಗಳು ಇದ್ದೇ ಇರುತ್ತವೆ. ಅವನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿ. ಮೇಲೆ ಆರು ತಿಂಗಳ ಮುಂದಿನ ತಾರೀಖು ಬರೆಯಿರಿ. ಒಳಗೆ ಏನಿದೆ ಎಂದು ಬರೆಯಬೇಡಿ, ಓದಿದರೆ ಮತ್ತೆ ಆಸೆ ಹುಟ್ಟುತ್ತದೆ. ಆ ತಾರೀಖಿನವರೆಗೆ ಏನಾದರೂ ಬೇಕೆನಿಸಿದರೆ ಟೇಪು ಕಿತ್ತು ತೆಗೆದುಕೊಳ್ಳಿ. ಉಳಿದದ್ದನ್ನು ಆ ದಿನ ಯಾರಿಗಾದರೂ ಕೊಟ್ಟುಬಿಡಿ.

ಇಲ್ಲೊಂದು ಮಾತು. 'ಬೇಡವಾದರೆ ಕೊಟ್ಟುಬಿಡಿ, ಬೇಕಾದರೆ ಮತ್ತೆ ಕೊಂಡರಾಯಿತು' ಎಂದು ಸಲಹೆ ಕೊಡುವವರ ಕೈಯಲ್ಲಿ ದುಡ್ಡಿರುತ್ತದೆ. ಕೈ ಬಿಗಿ ಇರುವವರು ನಟ್ಟು ಬೋಲ್ಟು, ಹಳೆಯ ಹಗ್ಗ ಎತ್ತಿಟ್ಟುಕೊಂಡರೆ ಅದು ಜಾಣತನ. ಅವು ಒಂದೇ ಕಡೆ ಇರಲಿ, ಬೇಕೆಂದಾಗ ಕೈಗೆ ಸಿಗಲಿ, ಅಷ್ಟು ಸಾಕು. ಪ್ರಥಮ ಚಿಕಿತ್ಸೆಯ ಡಬ್ಬಿ, ಟಾರ್ಚು, ರಿಪೇರಿ ಸಾಮಾನುಗಳನ್ನು ವರ್ಷವಿಡೀ ಮುಟ್ಟಿಲ್ಲವೆಂದು ಬಿಡಬೇಡಿ.

ವೈರು, ಹಳೆಯ ಫೋನು, ಕಾಗದ

ಯಾವ ಯಂತ್ರದ ವೈರು ಎಂದು ಗೊತ್ತಿದ್ದರೆ ಅದಕ್ಕೆ ಹೆಸರಿನ ಚೀಟಿ ಅಂಟಿಸಿ. ಮನೆಯಲ್ಲಿ ಯಾರಿಗೂ ಗೊತ್ತಾಗದ್ದನ್ನು ಇ–ತ್ಯಾಜ್ಯಕ್ಕೆ ಕೊಡಿ, ಕಸದ ಬುಟ್ಟಿಗೆ ಬೇಡ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ–ತ್ಯಾಜ್ಯ ಹುಟ್ಟಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ ಲೆಕ್ಕ ಸಿಕ್ಕಿದ್ದು ಕಾಲು ಭಾಗಕ್ಕಿಂತ ಕಡಿಮೆ. ಫೋನು ಕೊಡುವ ಮೊದಲು ಫೋಟೊ, ನಂಬರುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಖಾತೆಗಳಿಂದ ಲಾಗೌಟ್ ಆಗಿ, ಆಮೇಲೆ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರಿಸೆಟ್ ಮಾಡಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ಕಾಗದದ ಕೆಲಸ ಸುಲಭ. ಆಸ್ತಿ, ತೆರಿಗೆ, ವಿದ್ಯಾಭ್ಯಾಸ, ಆರೋಗ್ಯದ ಕಾಗದಗಳು ಒಂದು ಫೈಲಿನಲ್ಲಿರಲಿ. ಯಂತ್ರವೇ ಹೋಗಿರುವಾಗ ಅದರ ವಾರಂಟಿ ಕಾರ್ಡು ಸುಮ್ನೆ ಯಾಕೆ?

ನೆನಪಿನ ವಸ್ತು, ಬೇರೆಯವರ ವಸ್ತು

ನೆನಪಿನ ವಸ್ತುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟು ಹೊತ್ತಿಗೆ ಕೈ ಪಳಗಿರುತ್ತದೆ. ಕೊಡುವ ಮೊದಲು ಒಂದು ಫೋಟೊ ತೆಗೆಯಿರಿ. ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ವಿಶ್ವವಿದ್ಯಾಲಯವೊಂದರ ಹಾಸ್ಟೆಲುಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋಟೊ ತೆಗೆದಿಟ್ಟುಕೊಂಡು ಕೊಡಿ ಎಂದು ಹೇಳಿದ ಕಡೆ ಜಾಸ್ತಿ ವಸ್ತುಗಳು ದಾನಕ್ಕೆ ಬಂದವು. ಜನ ಬಿಡಲು ಹೆದರುವುದು ವಸ್ತುವನ್ನಲ್ಲ, ಅದರ ಜೊತೆಗಿರುವ ನೆನಪನ್ನು. ಹಾಗೆಂದು ಎಲ್ಲವನ್ನೂ ಕೊಡಬೇಕಿಲ್ಲ. ಒಂದು ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಇಟ್ಟುಕೊಳ್ಳಿ.

ಗಂಡನ, ಹೆಂಡತಿಯ, ಅಮ್ಮನ, ಮಕ್ಕಳ ವಸ್ತುಗಳಿಗೆ ಮಾತ್ರ ಅವರನ್ನು ಕೇಳದೆ ಕೈ ಹಾಕಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದೆ ಹಳೆಯ ಪೇಪರನ್ನೂ ಅವರು ಬಿಟ್ಟುಕೊಡುವುದಿಲ್ಲ.

ಹೊರಗೆ ಕಳಿಸಿ, ಬಾಗಿಲು ತೆರೆಯಿರಿ

ಕೊಡಲೆಂದು ತೆಗೆದಿಟ್ಟ ಗಂಟು ಬಾಗಿಲ ಹಿಂದೆ ತಿಂಗಳುಗಟ್ಟಲೆ ಕೂರುವುದು ಎಲ್ಲ ಕಡೆ ನಡೆಯುವ ಕತೆ. ಒಂದು ವಾರದ ಗಡುವು ಹಾಕಿ. ಮಾರಲು ಹೊರಟರೆ ಕೊಳ್ಳುವವರಿಗಾಗಿ ಕಾಯಬೇಕು, ಚೌಕಾಸಿ ಮಾಡಬೇಕು, ಆದ್ದರಿಂದ ಒಳ್ಳೆಯ ಬೆಲೆ ಬರುವ ಒಂದೆರಡನ್ನು ಬಿಟ್ಟು ಉಳಿದದ್ದನ್ನು ಸುಮ್ಮನೆ ಕೊಟ್ಟುಬಿಡಿ. ಹರಿದದ್ದು, ಕೆಟ್ಟದ್ದನ್ನು ದಾನ ಎಂದು ಇನ್ನೊಬ್ಬರ ತಲೆಗೆ ಕಟ್ಟಬೇಡಿ. ಅದು ಗುಜರಿಗೆ ಹೋಗಬೇಕಾದ್ದು.

ತಿಂಗಳು ಮುಗಿದ ಮೇಲೆ ಆ ಆಸೆಯ ಹಾಳೆ ತೆಗೆಯಿರಿ. ಅರ್ಧಕ್ಕರ್ಧ ಯಾಕೆ ಬರೆದಿರಿ ಎಂದು ನಿಮಗೇ ಹೊಳೆಯದಿರಬಹುದು. ಹೊಡೆದುಹಾಕಿ. ಉಳಿದದ್ದನ್ನು ತರುವ ಮೊದಲು ಅದರ ಹಿಂದೆ ಇನ್ನೇನೇನು ಬರುತ್ತದೆ ಎಂದು ಯೋಚಿಸಿ. 18ನೇ ಶತಮಾನದ ಫ್ರೆಂಚ್ ಲೇಖಕ ದೆನಿ ದಿದೆರೊಗೆ ಯಾರೋ ಚೆಂದದ ಕೆಂಪು ನಿಲುವಂಗಿ ಕೊಟ್ಟರಂತೆ. ಅದರ ಪಕ್ಕದಲ್ಲಿ ಹಳೆಯ ಕುರ್ಚಿ ಕಳಪೆಯಾಗಿ ಕಂಡಿತು, ಕುರ್ಚಿ ಬದಲಾಯಿತು, ಆಮೇಲೆ ಮೇಜು. ಹೀಗೆ ಒಂದರ ಹಿಂದೆ ಒಂದು ಬರುವುದನ್ನು ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್ರಾಕೆನ್ 1988ರಲ್ಲಿ 'ದಿದೆರೊ ಪರಿಣಾಮ' ಎಂದು ಕರೆದರು. ಹೊಸ ಫೋನಿಗೆ ಕವರು, ಕವರಿಗೆ ತಕ್ಕ ಇಯರ್‌ಫೋನು ಬರುವುದೂ ಹೀಗೆಯೇ.

ಇಷ್ಟೆಲ್ಲ ಯೋಚಿಸಿದ ಮೇಲೂ ಬೇಕು ಅನಿಸಿದರೆ ಖುಷಿಯಾಗಿ ತನ್ನಿ. ತರುವಾಗ ಬಿಡಿಭಾಗ ಸಿಗುತ್ತದೆಯೇ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಲು ಬರುತ್ತದೆಯೇ ಎಂದು ಕೇಳಿ ತನ್ನಿ.